ವಿದ್ಯುತ್ತು ಹೋದರೂ ಉಳಿಯಬೇಕಾದ ಮಳೆಯ ಲೆಕ್ಕ

(ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮನೆಯ ಗೋಡೆಯ ಮೇಲಿರುವ ವಿದ್ಯುತ್ ಮೀಟರಿನಿಂದಲೇ ಇಂದಿನ ವಿಷಯವನ್ನು ಆರಂಭಿಸುವುದು ಉಚಿತ. ಗಾಳಿಗೆ ಮರ ಬಿದ್ದು, ತಂತಿ ಹರಿದು, ಊರು ಎರಡು ದಿನ ಕತ್ತಲಲ್ಲಿ ಉಳಿಯುತ್ತದೆ. ಮೂರನೆಯ ದಿನ ವಿದ್ಯುತ್ತು ಮರಳಿದಾಗ ಪಂಪ್‌ಸೆಟ್ಟಿನ ಟೈಮರು ಹೊತ್ತು ಮರೆತಿರುತ್ತದೆ. ಮೀಟರು ಮಾತ್ರ ಒಂದು ಯೂನಿಟ್ಟನ್ನೂ ಮರೆತಿರುವುದಿಲ್ಲ. ಬಿಲ್ಲು ಬರೆಯುವವರು ಬಂದಾಗ ಹಿಂದಿನ ತಿಂಗಳ ಅಂಕಿಯಿಂದ ಮುಂದಕ್ಕೇ ಲೆಕ್ಕ ನಡೆಯುತ್ತದೆ. ಹಳೆಯ ಕಾಲದ ಮೀಟರಿನಲ್ಲಿ ತಿರುಗುವ ಅಲ್ಯೂಮಿನಿಯಂ ತಟ್ಟೆಯೂ ಹಲ್ಲುಚಕ್ರಗಳೂ ಇದ್ದವು. ವಿದ್ಯುತ್ತು ನಿಂತರೆ ಚಕ್ರಗಳು ಇದ್ದಲ್ಲೇ ನಿಲ್ಲುತ್ತಿದ್ದವು. ನಿಂತ ಚಕ್ರವೇ ಅದರ ನೆನಪಾಗಿತ್ತು. ಇಂದಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಲೆಕ್ಕವಿಡುವ ಚಕ್ರಗಳಿಲ್ಲ. ಬೆರಳುಗುರಿನಷ್ಟು ಚಿಕ್ಕ ಗಣಕವೊಂದು, ಅಂದರೆ ಮೈಕ್ರೋಕಂಟ್ರೋಲರ್, ಯೂನಿಟ್ಟುಗಳನ್ನು ಎಣಿಸಿ ವಿದ್ಯುತ್ತಿಲ್ಲದೆಯೂ ಉಳಿಯುವಂತಹ ಸ್ಮೃತಿಯಲ್ಲಿ ಬರೆದಿಡುತ್ತದೆ. ಹಣ ವಸೂಲಿ ಮಾಡಬೇಕಾದ ಯಂತ್ರಕ್ಕೆ ಮರೆವು ಬಾರದಂತೆ ಜಗತ್ತು ಬಹಳ ಎಚ್ಚರ ವಹಿಸಿದೆ. ಮಳೆಯನ್ನು ಅಳೆಯುವ ಯಂತ್ರದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕೆಂಬುದು ಇಂದಿನ ಮಾತಿನ ತಿರುಳು.

ಈ ಮೂರು ತಾಲ್ಲೂಕುಗಳಲ್ಲಿ ಮಳೆಯ ಲೆಕ್ಕವೆಂಬುದು ಸುಲಭದ ಸಂಗತಿಯಲ್ಲ. ಕಾವೇರಿಯ ದಡದ ಸತ್ತೇಗಾಲದಲ್ಲಿ ಬಿಸಿಲಿರುವಾಗ ಬಿಳಿಗಿರಿರಂಗನ ಬೆಟ್ಟದ ನೆತ್ತಿ ಮಂಜಿನಲ್ಲಿ ನೆನೆಯುತ್ತಿರಬಹುದು. ಯಳಂದೂರಿನ ಬಯಲಿನಲ್ಲಿ ಧೂಳೆದ್ದಿರುವಾಗ ಪುರಾಣಿ ಪೋಡಿನಲ್ಲಿ ಹಳ್ಳ ತುಂಬಿ ಹರಿಯಬಹುದು. ಹನೂರು ತಾಲ್ಲೂಕಂತೂ ಲೊಕ್ಕನಹಳ್ಳಿಯಿಂದ ಪಾಲಾರಿನವರೆಗೆ ಹಬ್ಬಿಕೊಂಡಿದೆ. ಮಲೆ ಮಹದೇಶ್ವರ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಇನ್ನೊಂದು ಮಗ್ಗುಲಿಗೆ ಬೀಳುವುದಿಲ್ಲ. ಬರ ನಿಗಾ ಕಾಯಲೆಂದು 1988ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೋಶವೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಅದು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸೌರಶಕ್ತಿಯ ಮಳೆಮಾಪಕಗಳನ್ನು ನೆಟ್ಟು, 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಂಕಿಗಳನ್ನು ತರಿಸಿಕೊಳ್ಳುವ ವ್ಯವಸ್ಥೆ ಮಾಡಿದೆ. ರಾಜ್ಯದಲ್ಲಿ ಇಂತಹ ಮಾಪಕಗಳು 6,000ಕ್ಕೂ ಹೆಚ್ಚಿವೆ. ಇದು ದೊಡ್ಡ ಕೆಲಸ, ಮೆಚ್ಚತಕ್ಕ ಕೆಲಸ. ಆದರೂ ಬೆಟ್ಟದ ಪಂಚಾಯಿತಿಯಲ್ಲಿ ಒಂದು ಮಾಪಕವೆಂದರೆ ಹಲವು ಕಣಿವೆಗಳ ಪೈಕಿ ಒಂದರ ಮಳೆ ಮಾತ್ರ ಲೆಕ್ಕಕ್ಕೆ ಸಿಕ್ಕಂತೆ. ಉಳಿದ ಕಣಿವೆಗಳಲ್ಲಿ ಶಾಲೆಯ ಅಂಗಳದಲ್ಲೋ ಪೋಡಿನ ಸಮುದಾಯ ಭವನದ ಬಳಿಯೋ ವಿದ್ಯಾರ್ಥಿಗಳೇ ಮಾಪಕ ಕಟ್ಟಿ ನಿಲ್ಲಿಸಬಹುದು. ಅದಕ್ಕೆ ಬೇಕಾಗುವ ಸಾಮಗ್ರಿ ಇಂದು ಕೈಗೆಟಕುವಂತಿದೆ.

ಯಂತ್ರದ ಹೊರಮೈ ಸರಳವಾದುದು. 20 ಸೆಂಟಿಮೀಟರ್ ವ್ಯಾಸದ ಆಲಿಕೆಯಿಂದ ಮಳೆನೀರು ಇಳಿದು ಪುಟ್ಟ ಬಟ್ಟಲೊಂದನ್ನು ತುಂಬುತ್ತದೆ. ಏರುಪೇರಾಟದ ಹಲಗೆಯ ಎರಡು ತುದಿಗಳಲ್ಲಿ ಮಕ್ಕಳು ಕುಳಿತಂತೆ ಎರಡು ಬಟ್ಟಲುಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುತ್ತವೆ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಆಲಿಕೆಯ ಕೆಳಗೆ ಬರುತ್ತದೆ. ಅರ್ಧ ಮಿಲಿಮೀಟರ್ ಮಳೆಗೆ ಒಂದು ವಾಲು ಎಂದು ಹೊಂದಿಸಿದರೆ ಪ್ರತಿ ವಾಲಿಗೂ ಸುಮಾರು 16 ಮಿಲಿಲೀಟರ್ ನೀರು ಬೇಕು. ಬಟ್ಟಲಿಗೆ ಅಂಟಿಸಿದ ಪುಟ್ಟ ಅಯಸ್ಕಾಂತವು ವಾಲುವಾಗ ಒಂದು ಸ್ವಿಚ್ಚಿನ ಎದುರು ಹಾದುಹೋಗುತ್ತದೆ. ಮೈಕ್ರೋಕಂಟ್ರೋಲರ್ ಒಂದು ಎಂದು ಎಣಿಸಿಕೊಳ್ಳುತ್ತದೆ. ಇಲ್ಲಿಯವರೆಗೆ ಕೈಕೆಲಸ ಬಲ್ಲ ಯಾರಿಗಾದರೂ ಅರ್ಥವಾಗುವ ಮಾತು. ತೊಡಕಿರುವುದು, ಎಣಿಸಿದ್ದನ್ನು ಎಲ್ಲಿ ಬರೆದಿಡಬೇಕೆಂಬುದರಲ್ಲಿ.

ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಆರ್ಡುಯಿನೋ ಊನೋ ಹಲಗೆಯ ಮೇಲಿರುವ ಅಟ್‌ಮೆಗಾ 328 ಚಿಪ್ಪಿನಲ್ಲಿ ಮೂರು ಬಗೆಯ ಸ್ಮೃತಿಗಳಿವೆ. 2,048 ಬೈಟ್‌ಗಳ ರ‍್ಯಾಮ್ ಇದೆ. ಅದು ಶಾಲೆಯ ಕರಿಹಲಗೆಯ ಹಾಗೆ, ಎಷ್ಟು ಸಲವಾದರೂ ಬರೆದು ಅಳಿಸಬಹುದು, ಆದರೆ ವಿದ್ಯುತ್ತು ಹೋದ ಕ್ಷಣ ಹಲಗೆ ಖಾಲಿ. 32 ಕಿಲೋಬೈಟ್‌ಗಳ ಫ್ಲ್ಯಾಶ್ ಇದೆ. ಯಂತ್ರವು ನಡೆದುಕೊಳ್ಳಬೇಕಾದ ಸೂಚನೆಗಳು ಅದರಲ್ಲಿ ಇರುತ್ತವೆ. 1,024 ಬೈಟ್‌ಗಳ ಇಇಪ್ರಾಮ್ ಇದೆ. ವಿದ್ಯುತ್ತು ಹೋದರೂ ಉಳಿಯಬೇಕಾದ ಸಣ್ಣಪುಟ್ಟ ಅಂಕಿಗಳಿಗೆಂದೇ ಅದನ್ನು ಇಟ್ಟಿದ್ದಾರೆ. ಮೊದಲ ಬಾರಿಗೆ ಮಾಪಕ ಕಟ್ಟುವವರು ಬಹುತೇಕ ಎಲ್ಲರೂ ಎಣಿಕೆಯನ್ನು ರ‍್ಯಾಮಿನಲ್ಲಿಯೇ ಬಿಟ್ಟುಬಿಡುತ್ತಾರೆ. ಮೇಜಿನ ಮೇಲೆ ಚೊಂಬಿನಿಂದ ನೀರು ಸುರಿದು ನೋಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಬಯಲಿನಲ್ಲಿ ಆಗುವುದೇ ಬೇರೆ. ಕೊಳ್ಳೇಗಾಲದ ಮಗ್ಗುಲಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಗ್ಗುಲಿನ ಬೆಟ್ಟದ ಹಳ್ಳಿಗಳು ಬಹುಕಾಲ ಕತ್ತಲಲ್ಲೇ ಕಾದವು. ಇಂದು ತಂತಿ ಬಂದಿರುವ ಕಡೆಯೂ ಅದು ಕಾಡಿನ ನಡುವೆ, ಮರಗಳ ಕೆಳಗೆ ಹಾದು ಬರುತ್ತದೆ. ಮಳೆ ಜೋರಾದಾಗಲೇ ಗಾಳಿಯೂ ಜೋರು. ಗಾಳಿ ಜೋರಾದಾಗಲೇ ಕೊಂಬೆ ಮುರಿಯುತ್ತದೆ. ಗುಡುಗು ಕೇಳಿಸಿದೊಡನೆ ಅಪಾಯ ತಪ್ಪಿಸಲು ಲೈನನ್ನೇ ತೆಗೆಯುವುದೂ ಉಂಟು. ಸೌರಫಲಕ ಹಾಕಿದರೆ ಸಾಕೆಂದರೆ ಅದೂ ಸಾಲದು. ಸದಾ ಎಚ್ಚರವಾಗಿರುವ ಯಂತ್ರವು 20 ಮಿಲಿಆಂಪಿಯರ್ ಎಳೆಯುತ್ತದೆಂದರೆ ದಿನಕ್ಕೆ 480 ಮಿಲಿಆಂಪಿಯರ್-ಗಂಟೆ ಖರ್ಚು. 2,200ರ ಬ್ಯಾಟರಿ ಬಿಸಿಲಿಲ್ಲದೆ ನಾಲ್ಕೂವರೆ ದಿನ ಬಾಳುತ್ತದೆ. ಜುಲೈ ತಿಂಗಳಲ್ಲಿ ಬಿಳಿಗಿರಿಯ ಮೇಲೆ, ನವೆಂಬರಿನ ಹಿಂಗಾರಿನಲ್ಲಿ ಪೊನ್ನಾಚಿಯ ಕಡೆ, ನಾಲ್ಕೈದು ದಿನ ಸೂರ್ಯನ ಮುಖ ಕಾಣದಿರುವುದು ಹೊಸದೇನಲ್ಲ.

ಹೀಗಾಗಿ ಬೆಟ್ಟದಲ್ಲಿ ವಿದ್ಯುತ್ತು ಹೋಗುವುದು ಯಾವಾಗಲೋ ಒಮ್ಮೆ ಆಕಸ್ಮಿಕವಾಗಿ ನಡೆಯುವ ಸಂಗತಿಯಲ್ಲ. ಅದು ಮಳೆಯ ಜೊತೆಯಲ್ಲಿಯೇ ಹೋಗುತ್ತದೆ, ದೊಡ್ಡ ಮಳೆಯ ಜೊತೆಯಲ್ಲಿ ಇನ್ನೂ ಹೆಚ್ಚಾಗಿ ಹೋಗುತ್ತದೆ. ಮರೆಗುಳಿ ಯಂತ್ರವು ಜಿಟಿಜಿಟಿ ಮಳೆಯನ್ನೆಲ್ಲ ನಿಷ್ಠೆಯಿಂದ ಬರೆದುಕೊಂಡು, ಕೆರೆಯ ಏರಿ ಒಡೆದ ರಾತ್ರಿಯ ಮಳೆಯನ್ನು ಮಾತ್ರ ಕಳೆದುಕೊಳ್ಳುತ್ತದೆ. ವರ್ಷದ ಕೊನೆಯಲ್ಲಿ ಅಂಕಿಗಳನ್ನು ಕೂಡಿಸಿದರೆ ಆ ಕಣಿವೆ ಮಳೆಯಿಲ್ಲದ, ಸೌಮ್ಯವಾದ ಕಣಿವೆಯಂತೆ ತೋರುತ್ತದೆ. ಅದೇ ಅಂಕಿಯನ್ನು ನಂಬಿ ಹಳ್ಳಕ್ಕೆ ತಡೆಯಣೆ ಕಟ್ಟಿದರೆ, ನೀರು ಹೊರಹೋಗುವ ಕೋಡಿ ಕಿರಿದಾಗಿ ಮೊದಲ ದೊಡ್ಡ ಮಳೆಗೇ ಅಣೆ ಕೊಚ್ಚಿಹೋಗುತ್ತದೆ. ಅತಿವೃಷ್ಟಿಯಿಂದ ಬೆಳೆ ಹೋಯಿತೆಂದು ರೈತ ಅರ್ಜಿ ಹಾಕಿದರೆ ಮಳೆಯೇ ದಾಖಲಾಗಿಲ್ಲವೆಂಬ ಉತ್ತರ ಬರಬಹುದು.

ಇನ್ನೊಂದು ದಿಕ್ಕಿನ ತಪ್ಪೂ ಇದೆ. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಬರ ನಿರ್ವಹಣಾ ಕೈಪಿಡಿಯಲ್ಲಿ ಬರ ಘೋಷಣೆಯ ಮೊದಲ ಮೆಟ್ಟಿಲೇ ಮಳೆಯ ಕೊರತೆ ಮತ್ತು ವಾರಗಟ್ಟಲೆ ಸತತವಾದ ಮಳೆವಿರಾಮ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಮಳೆಯ ಅಂಕಿಗಳ ತೂಕ ಎಲ್ಲರಿಗೂ ಅರಿವಾಯಿತು. ಯಂತ್ರವು ಕೆಟ್ಟ ಸ್ಮೃತಿಯಿಂದಾಗಿ ಇಲ್ಲದ ಮಳೆಯನ್ನು ತೋರಿಸಿದರೆ ಒಣಗಿದ ರಾಗಿಯ ಹೊಲದ ನಡುವೆ ನಿಂತವನ ಮಾತಿಗೆ ಬೆಲೆಯಿರುವುದಿಲ್ಲ. ಇಲ್ಲೊಂದು ವಿಚಿತ್ರವನ್ನು ಗಮನಿಸಬಹುದು: ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವೆಂದು ಒಪ್ಪುತ್ತವೆ, ಬಿಳಿಗಿರಿಯ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದುದು ಆ ಕಾಯ್ದೆಯ ಅಡಿಯಲ್ಲಿಯೇ. ಮಳೆಯ ವಿಷಯದಲ್ಲಿ ಮಾತ್ರ ಹಿರಿಯರ ನೆನಪು ಸಾಲದು, ಮಿಲಿಮೀಟರ್ ಬೇಕು. ಬೇಕೆಂದಾದ ಮೇಲೆ ಆ ಮಿಲಿಮೀಟರು ಸಾಕ್ಷಿಕಟ್ಟೆಯಲ್ಲಿ ನಿಲ್ಲುವಷ್ಟು ಗಟ್ಟಿಯಾಗಿರಬೇಕು.

ಈಗ ಅಳಿಯದ ಸ್ಮೃತಿಯ ಒಳಮರ್ಮಕ್ಕೆ ಬರೋಣ. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಟ್ರಾನ್ಸಿಸ್ಟರಿನ ಒಳಗೆ, ಸುತ್ತಲೂ ವಿದ್ಯುನ್ನಿರೋಧಕ ಪದರವಿರುವ ಒಂದು ದ್ವೀಪವನ್ನು ಇಡುವ ವಿಚಾರವನ್ನು ಮುಂದಿಟ್ಟರು. ಆ ದ್ವೀಪಕ್ಕೆ ಹೆಚ್ಚಿನ ವೋಲ್ಟೇಜಿನ ಬಲದಿಂದ ಎಲೆಕ್ಟ್ರಾನುಗಳನ್ನು ದಾಟಿಸಿಬಿಟ್ಟರೆ ಅವು ಹೊರಬರಲಾರದೆ ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತವೆ. ಎಲೆಕ್ಟ್ರಾನುಗಳು ಇದ್ದರೆ ಒಂದು ಅಂಕಿ, ಇಲ್ಲದಿದ್ದರೆ ಇನ್ನೊಂದು. ಇಇಪ್ರಾಮ್, ಅನಂತರ 1980ರ ದಶಕದಲ್ಲಿ ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೋ ಮಸುವೋಕ ರೂಪಿಸಿದ ಫ್ಲ್ಯಾಶ್, ಎರಡೂ ಇದೇ ತತ್ತ್ವದ ಮೇಲೆ ನಿಂತಿವೆ. ಮೊಬೈಲಿನ ಚಿತ್ರಗಳೂ ಹುಲಿಗಣತಿಯ ಕ್ಯಾಮೆರಾದ ಮೆಮೊರಿ ಕಾರ್ಡೂ ಉಳಿಯುವುದು ಇಂತಹ ಸೆರೆಸಿಕ್ಕ ವಿದ್ಯುದಂಶದಿಂದಲೇ.

ಆದರೆ ಪ್ರತಿ ಸಲ ದಾಟಿಸುವಾಗಲೂ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಕಾಲುಸಂಕದ ಹಲಗೆ ಸವೆದಂತೆ. ಅಟ್‌ಮೆಗಾ 328ರ ಇಇಪ್ರಾಮಿನ ಒಂದು ಕೋಶಕ್ಕೆ 1,00,000 ಸಲ ಬರೆಯುವ ಆಯಸ್ಸನ್ನು ತಯಾರಕರು ಹೇಳಿದ್ದಾರೆ, ಅದರ ಫ್ಲ್ಯಾಶಿಗೆ 10,000. ಒಂದು ಲಕ್ಷವೆಂಬುದು ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಸೆಕೆಂಡಿಗೊಮ್ಮೆ ಒಂದೇ ಕೋಶಕ್ಕೆ ಬರೆಯುವಂತೆ ಯಾರಾದರೂ ಯಂತ್ರಕ್ಕೆ ಆಜ್ಞೆ ಕೊಟ್ಟರೆ ದಿನಕ್ಕೆ 86,400 ಬರಹ. ಒಂದು ದಿನ ಮತ್ತು ನಾಲ್ಕು ಗಂಟೆಯೊಳಗೆ ಆಯಸ್ಸು ಮುಗಿಯಿತು. 15 ನಿಮಿಷಕ್ಕೊಮ್ಮೆ ಬರೆದರೆ ದಿನಕ್ಕೆ 96, ವರ್ಷಕ್ಕೆ 35,040. ಮೂರು ವರ್ಷ ತುಂಬುವ ಮೊದಲೇ ಲಕ್ಷ ದಾಟುತ್ತದೆ. ಆದರೆ ಬಟ್ಟಲು ವಾಲಿದಾಗ ಮಾತ್ರ ಬರೆದರೆ? ವರ್ಷಕ್ಕೆ 1,000 ಮಿಲಿಮೀಟರ್ ಮಳೆಯೆಂದುಕೊಂಡರೆ 2,000 ವಾಲು. ಲಕ್ಷ ಬರಹಕ್ಕೆ 50 ವರ್ಷ ಬೇಕು. ಅಷ್ಟರೊಳಗೆ ಆಲಿಕೆಯೇ ತುಕ್ಕು ಹಿಡಿದಿರುತ್ತದೆ. ಸ್ಮೃತಿಯ ಆಯ್ಕೆ ಎಂಬುದು ಅಂಗಡಿಯಲ್ಲಿ ಆರಂಭವಾಗುವುದಿಲ್ಲ, ಈ ಬಗೆಯ ಗುಣಾಕಾರ ಭಾಗಾಕಾರದಲ್ಲಿ ಆರಂಭವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಮನಗಾಣಬೇಕು. ಒಂದೇ ಅಂಕಿ ಸಾವಿರ ಸಲ ಬದಲಾಗುತ್ತದೆಯೇ, ಸಾವಿರ ಅಂಕಿಗಳು ಒಂದೊಂದು ಸಲ ಬರೆಯಲ್ಪಡುತ್ತವೆಯೇ, ಎರಡಕ್ಕೂ ಉತ್ತರ ಬೇರೆ.

ಮೇಲೆ ಹೇಳಿದ 15 ನಿಮಿಷದ ಬರಹವನ್ನೂ ಉಳಿಸಿಕೊಳ್ಳುವ ದಾರಿಯಿದೆ. ಕುಮರಿ ಬೇಸಾಯ ಮಾಡುತ್ತಿದ್ದ ಕಾಲದಲ್ಲಿ ಒಂದೇ ತುಂಡು ನೆಲವನ್ನು ವರ್ಷ ವರ್ಷವೂ ಉತ್ತು ಬಳಲಿಸದೆ ಜಾಗ ಬದಲಿಸುತ್ತ ಹೋಗುತ್ತಿದ್ದರು. ಸ್ಮೃತಿಯಲ್ಲಿಯೂ ಹಾಗೆಯೇ 50 ಕೋಶಗಳನ್ನು ಸಾಲಾಗಿ ಗೊತ್ತುಮಾಡಿ, ಪ್ರತಿ ಸಲವೂ ಮುಂದಿನ ಕೋಶಕ್ಕೆ ಬರೆಯುತ್ತ ಸುತ್ತಿ ಬಂದರೆ ಮೂರು ವರ್ಷದ ಬಾಳಿಕೆ ನೂರನಲವತ್ತು ವರ್ಷಕ್ಕೆ ಏರುತ್ತದೆ. ಖರ್ಚು ಏನೂ ಇಲ್ಲ, ಪ್ರೋಗ್ರಾಮಿನ ಕೆಲವು ಸಾಲುಗಳಷ್ಟೇ.

ಎಣಿಕೆಯ ಜೊತೆಗೆ ಸಮಯವನ್ನೂ ಬರೆದಿಡಬೇಕಾದಾಗ ಚಿಪ್ಪಿನೊಳಗಿನ 1,024 ಬೈಟ್ ಸಾಲದು. ಒಂದು ದಾಖಲೆಗೆ ಸಮಯಕ್ಕೆ 4 ಬೈಟ್, ವಾಲುಗಳಿಗೆ 2, ಬ್ಯಾಟರಿಯ ವೋಲ್ಟೇಜಿಗೆ 1, ತಾಳೆಯ ಅಂಕಿಗೆ 1, ಒಟ್ಟು 8 ಬೈಟ್ ಎನ್ನಿ. ದಿನಕ್ಕೆ 96 ದಾಖಲೆಗಳಿಗೆ 768 ಬೈಟ್. ಹೊರಗಿನಿಂದ ಜೋಡಿಸುವ 24ಸಿ256 ಎಂಬ ಇಇಪ್ರಾಮ್ ಚಿಪ್ಪಿನಲ್ಲಿ 32,768 ಬೈಟ್ ಹಿಡಿಯುತ್ತವೆ; 42 ದಿನಗಳ ಲೆಕ್ಕ ಅದರೊಳಗೆ ಕೂರುತ್ತದೆ. ಒಂದು ತಿಂಗಳು ಮೊಬೈಲ್ ಜಾಲ ಸಿಗದಿದ್ದರೂ, ದಾರಿ ಕುಸಿದು ಯಾರೂ ಹೋಗಲಾಗದಿದ್ದರೂ ಲೆಕ್ಕ ಕಾದಿರುತ್ತದೆ. ಈ ಚಿಪ್ಪಿನ ಕೋಶಗಳಿಗೆ ಹತ್ತು ಲಕ್ಷ ಬರಹಗಳ ಆಯಸ್ಸನ್ನು ಹೇಳಲಾಗಿದೆ, ಬೆಲೆಯೂ ಕಡಿಮೆ. ಅದರ ಕುಂದೆಂದರೆ ನಿಧಾನ: ಒಂದು ಬರಹ ಮುಗಿಯಲು 5 ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಮನುಷ್ಯನ ಕಣ್ಣು ಮಿಟುಕುವುದಕ್ಕಿಂತ ಕಡಿಮೆ ಹೊತ್ತು ಅದು, ನಿಜ. ಆದರೆ ವಿದ್ಯುತ್ತು ಹೋಗುವುದೂ ಕಣ್ಣು ಮಿಟುಕುವಷ್ಟರಲ್ಲಿಯೇ.

ಈ ನಿಧಾನವೂ ಸವೆತವೂ ಇಲ್ಲದ ಇನ್ನೊಂದು ಬಗೆಯ ಸ್ಮೃತಿಯಿದೆ, ಎಫ್-ರ‍್ಯಾಮ್ ಎಂದು ಅದರ ಹೆಸರು. ಇದರಲ್ಲಿ ಎಲೆಕ್ಟ್ರಾನುಗಳನ್ನು ಸೆರೆಹಿಡಿಯುವ ಪದ್ಧತಿಯಿಲ್ಲ. ವಿಶೇಷ ಹರಳಿನ ತೆಳುಪದರದೊಳಗೆ ಪರಮಾಣುಗಳು ಒಂದು ಮಗ್ಗುಲಿಗೋ ಇನ್ನೊಂದು ಮಗ್ಗುಲಿಗೋ ಸರಿದು ಕೂರುತ್ತವೆ; ವಿದ್ಯುತ್ತು ತೆಗೆದರೂ ಕೂತಲ್ಲಿಯೇ ಇರುತ್ತವೆ. ಬರಹಕ್ಕೆ ಕಾಯಬೇಕಾಗಿಲ್ಲ. 32 ಕಿಲೋಬೈಟ್‌ಗಳ ಎಂಬಿ85ಆರ್‌ಸಿ256 ಎಂಬ ಚಿಪ್ಪಿನ ಆಯಸ್ಸನ್ನು ಲಕ್ಷ ಕೋಟಿ ಸಲವೆಂದು ತಯಾರಕರು ಹೇಳುತ್ತಾರೆ. ಸೆಕೆಂಡಿಗೊಮ್ಮೆ ಬರೆದರೂ ಅದು ಸವೆಯಲು ಮೂವತ್ತೊಂದು ಸಾವಿರ ವರ್ಷ ಬೇಕು. ಓದಿದಾಗಲೂ ಒಳಗಿನ ಅಂಕಿ ಕದಲಿ ಚಿಪ್ಪು ತಾನೇ ಮತ್ತೆ ಬರೆದುಕೊಳ್ಳುವುದರಿಂದ ಓದುವಿಕೆಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು, ಆದರೂ ಚಿಂತೆಗೆ ಕಾರಣವಿಲ್ಲ. ಬೆಲೆ ಮಾತ್ರ ಅದೇ ಅಳತೆಯ ಇಇಪ್ರಾಮಿಗಿಂತ ಸಾಕಷ್ಟು ಹೆಚ್ಚು. ಊರಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ, ತರಿಸಿಕೊಳ್ಳಬೇಕಾಗುತ್ತದೆ.

ಪುಟ್ಟ ಬ್ಯಾಟರಿಯ ಆಸರೆಯಲ್ಲಿ ರ‍್ಯಾಮನ್ನೇ ಜೀವಂತವಾಗಿಡುವ ಹಳೆಯ ಉಪಾಯವೂ ಇದೆ. ಸಮಯ ತೋರಿಸುವ ಡಿಎಸ್1307 ಚಿಪ್ಪಿನಲ್ಲಿ ನಾಣ್ಯದಂತಹ ಲಿಥಿಯಂ ಸೆಲ್ಲಿನ ಬಲದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಬಲ್ಲ 56 ಬೈಟ್‌ಗಳಿವೆ. ಎಷ್ಟು ಸಲವಾದರೂ ಬರೆಯಬಹುದು, ಸವೆತವಿಲ್ಲ. ಇಂದಿನ ವಾಲುಗಳ ಎಣಿಕೆಯೊಂದನ್ನೇ ಇಡುವುದಾದರೆ 56 ಬೈಟ್ ಧಾರಾಳ. ಆದರೆ ಬೆಟ್ಟದ ತೇವಕ್ಕೆ ಸೆಲ್ಲಿನ ಹಿಡಿಕೆಯಲ್ಲಿ ಹಸಿರು ಕಿಲುಬು ಕಟ್ಟಿ ಸಂಪರ್ಕ ತಪ್ಪಿದರೆ ಅಂಕಿಯೂ ಹೋಯಿತು, ಸಮಯವೂ ಹೋಯಿತು. ಸೆಲ್ಲು ಬದಲಿಸಿದವರು ಹಳೆಯದನ್ನು ಕಾಡಿನಲ್ಲಿ ಎಸೆದು ಬರಬಾರದೆಂಬುದನ್ನು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಮೆಮೊರಿ ಕಾರ್ಡಿನ ಬಗ್ಗೆ ಯುವಕರಿಗೆ ವಿಪರೀತ ಮೋಹ. ಕೋಟಿಗಟ್ಟಲೆ ಬೈಟ್ ಹಿಡಿಯುತ್ತದೆ, ತೆಗೆದು ಗಣಕಕ್ಕೆ ಹಾಕಿದರೆ ಕಡತ ತೆರೆದುಕೊಳ್ಳುತ್ತದೆ, ನಿಜ. ಆದರೆ ಅದು ಬರೆಯುವಾಗ ಗಳಿಗೆಗಟ್ಟಲೆ ವಿದ್ಯುತ್ತು ಬೇಡುತ್ತದೆ, ಕೆಲವು ಕಾರ್ಡುಗಳು 100 ಮಿಲಿಆಂಪಿಯರ್ ತನಕ ಎಳೆಯುತ್ತವೆ. ಸೊರಗಿದ ಬ್ಯಾಟರಿ ಆ ಎಳೆತಕ್ಕೇ ಕುಸಿಯಬಹುದು. ಅದಕ್ಕಿಂತ ಕೆಟ್ಟದ್ದು, ಯಾವ ಕಡತ ಎಲ್ಲಿದೆಯೆಂಬ ಪಟ್ಟಿಯನ್ನು ತಿದ್ದುತ್ತಿರುವಾಗ ವಿದ್ಯುತ್ತು ಹೋದರೆ ಅಂದಿನ ಒಂದು ದಾಖಲೆಯಷ್ಟೇ ಅಲ್ಲ, ಇಡೀ ಮಳೆಗಾಲದ ಕಡತವೇ ಓದಲಾಗದಂತಾಗುವ ಅಪಾಯವಿದೆ. ಕಾರ್ಡು ಲೆಕ್ಕ ಹೊತ್ತೊಯ್ಯುವ ಚೀಲವಾಗಲಿ, ಲೆಕ್ಕದ ಮೂಲ ಪುಸ್ತಕವಾಗುವುದು ಬೇಡ. ಚಿಪ್ಪಿನೊಳಗಿನ ಫ್ಲ್ಯಾಶಿನಲ್ಲಿಯೇ ಲೆಕ್ಕ ಬರೆಯುವ ಸಾಹಸವನ್ನೂ ಮಾಡಬಾರದು. ಅದರಲ್ಲಿ ಒಂದಕ್ಷರ ತಿದ್ದಲು ಇಡೀ ಪುಟ ಅಳಿಸಬೇಕು. ಅಳಿಸಿ ಬರೆಯುವ ಮುನ್ನ ವಿದ್ಯುತ್ತು ಹೋದರೆ ಪುಟವೇ ಇಲ್ಲ.

ಸ್ಮೃತಿ ಯಾವುದೇ ಇರಲಿ, ಅರ್ಧ ಬರೆದ ಅಂಕಿಯ ಅಪಾಯ ತಪ್ಪಿದ್ದಲ್ಲ. ಒಂದು ಉದಾಹರಣೆ ಸಾಕು. ಒಂದು ಬೈಟಿನಲ್ಲಿ 255ರವರೆಗೆ ಮಾತ್ರ ಬರೆಯಬಹುದು. 256 ಆಗಬೇಕಾದರೆ ಎರಡನೆಯ ಬೈಟಿಗೆ ಒಂದು ಏರಿಸಿ ಮೊದಲನೆಯದನ್ನು ಸೊನ್ನೆ ಮಾಡಬೇಕು, ಕೈಯಲ್ಲಿ ಕೂಡುವಾಗ ದಶಕ ಏರಿಸುವ ಹಾಗೆ. ಎರಡನೆಯ ಬೈಟಿಗೆ ಒಂದು ಏರಿಸಿದ ಕ್ಷಣ ವಿದ್ಯುತ್ತು ಹೋಯಿತೆನ್ನಿ. ಮೊದಲನೆಯದು ಇನ್ನೂ 255ರಲ್ಲಿಯೇ ಇದೆ. ಮರಳಿ ಎದ್ದ ಯಂತ್ರ ಓದುವ ಅಂಕಿ 511. ಅಂದರೆ 128 ಮಿಲಿಮೀಟರ್ ಮಳೆ 255.5 ಮಿಲಿಮೀಟರ್ ಆಯಿತು. ತಿರುವುಮುರುವಾಗಿ ಬರೆಯುತ್ತಿದ್ದರೆ, ಮೊದಲನೆಯದು ಸೊನ್ನೆಯಾಗಿ ಎರಡನೆಯದು ಏರುವ ಮುನ್ನ ನಿಂತರೆ, ಮಳೆಯೇ ಇಲ್ಲ. ಯಂತ್ರ ಕೆಟ್ಟಿಲ್ಲ, ಚಿಪ್ಪು ಸವೆದಿಲ್ಲ, ಮಾಪಕವನ್ನು ಯಾರೂ ಮುಟ್ಟಿಲ್ಲ. ಆದರೂ ದಾಖಲೆ ಸುಳ್ಳಾಯಿತು. ಅದು ಕಡತದಲ್ಲಿ ನಿಜದ ಅಂಕಿಯ ಹಾಗೆಯೇ ಕಾಣುವುದರಿಂದ ಕಳೆದುಹೋದ ದಾಖಲೆಗಿಂತಲೂ ಹೆಚ್ಚು ಅಪಾಯಕಾರಿ.

ಇದಕ್ಕೆ ಸೊಸೈಟಿಯ ಲೆಕ್ಕದವರು ಬಲ್ಲ ಪರಿಹಾರವೇ ಪರಿಹಾರ. ಹಳೆಯ ಪುಟವನ್ನು ತಿದ್ದದೆ ಹೊಸ ಪುಟದಲ್ಲಿ ಬರೆಯುವುದು, ಕ್ರಮಸಂಖ್ಯೆ ಹಾಕುವುದು, ಎಲ್ಲ ಬರೆದಾದ ಮೇಲೆ ಕೊನೆಯಲ್ಲಿ ಸಹಿ ಹಾಕುವುದು. ಯಂತ್ರದಲ್ಲಿ ಎಣಿಕೆಗೆ ಎರಡು ಜಾಗಗಳನ್ನಿಟ್ಟು ಒಮ್ಮೆ ಇಲ್ಲಿ, ಮುಂದಿನ ಸಲ ಅಲ್ಲಿ ಬರೆಯಬೇಕು. ಪ್ರತಿ ಬರಹದಲ್ಲಿಯೂ ಕ್ರಮಸಂಖ್ಯೆ ಇರಬೇಕು. ಅಂಕಿಗಳನ್ನೆಲ್ಲ ಗೊತ್ತಾದ ರೀತಿಯಲ್ಲಿ ಕೂಡಿಸಿ ಬಂದ ತಾಳೆಯ ಅಂಕಿಯನ್ನು ಸಹಿಯಂತೆ ಕೊನೆಗೆ ಬರೆಯಬೇಕು. ಎದ್ದೊಡನೆ ಎರಡನ್ನೂ ಓದಿ, ತಾಳೆ ಸರಿಬಂದವುಗಳಲ್ಲಿ ದೊಡ್ಡ ಕ್ರಮಸಂಖ್ಯೆಯದನ್ನು ಒಪ್ಪಬೇಕು. ಅರ್ಧ ಬರೆದದ್ದಕ್ಕೆ ಸಹಿ ಸರಿಹೊಂದದು, ಹಿಂದಿನದು ಹಾಗೆಯೇ ಉಳಿದಿರುತ್ತದೆ. ಹೆಚ್ಚೆಂದರೆ ಒಂದು ವಾಲು, ಅರ್ಧ ಮಿಲಿಮೀಟರ್ ನಷ್ಟ. ಎರಡೂ ತಾಳೆಯಾಗದಿದ್ದರೆ ಯಂತ್ರವು ಸೊನ್ನೆಯೆಂದು ಬರೆಯಬಾರದು, ದಾಖಲೆಯಿಲ್ಲ ಎಂದು ಬರೆಯಬೇಕು. ಮಳೆ ಬರಲಿಲ್ಲವೆಂಬುದೂ ಮಳೆ ಬಂದುದು ತಿಳಿಯದೆಂಬುದೂ ಬೇರೆ ಬೇರೆ. ಹೊಸ ಇಇಪ್ರಾಮಿನ ಖಾಲಿ ಕೋಶದಲ್ಲಿ ಸೊನ್ನೆಯಿರುವುದಿಲ್ಲ, 255 ಇರುತ್ತದೆಂಬುದೂ ನೆನಪಿರಲಿ. ಅದನ್ನು ಅರಿಯದೆ ಓದಿದರೆ ಮೊದಲ ದಿನವೇ 65,535 ವಾಲುಗಳ ಪ್ರಳಯ ದಾಖಲಾಗುತ್ತದೆ.

ವಿದ್ಯುತ್ತು ಹೋಗುತ್ತಿದೆಯೆಂಬ ಮುನ್ಸೂಚನೆ ಸಿಕ್ಕರೆ ಇನ್ನೂ ಒಳ್ಳೆಯದು. ಯಂತ್ರಕ್ಕೆ ಬರುವ ವಿದ್ಯುತ್ತನ್ನು ಡಯೋಡಿನ ಮೂಲಕ ಹಾಯಿಸಿ, ಅದರಾಚೆ ಒಂದು ಕೆಪಾಸಿಟರ್ ಇಡಬೇಕು. ಕೆಪಾಸಿಟರೆಂದರೆ ಇಲ್ಲಿ ನಲ್ಲಿಯ ನೀರು ನಿಂತ ಮೇಲೂ ಸ್ವಲ್ಪ ಹೊತ್ತು ಆಗುವ ಕೊಡದ ನೀರು. ಡಯೋಡಿನ ಈಚೆಗೆ ವೋಲ್ಟೇಜು ಇಳಿದದ್ದನ್ನು ಗಮನಿಸಿದೊಡನೆ ಮೈಕ್ರೋಕಂಟ್ರೋಲರ್ ಉಳಿದೆಲ್ಲ ಕೆಲಸ ಬಿಟ್ಟು ಲೆಕ್ಕ ಬರೆಯಬೇಕು. 10 ಮಿಲಿಆಂಪಿಯರ್ ಎಳೆಯುವ ಯಂತ್ರವು 50 ಮಿಲಿಸೆಕೆಂಡ್ ಉಸಿರು ಹಿಡಿದಿರಬೇಕು, ಅಷ್ಟರಲ್ಲಿ ವೋಲ್ಟೇಜು 2ರಷ್ಟು ಇಳಿದರೂ ಅಡ್ಡಿಯಿಲ್ಲವೆಂದರೆ 250 ಮೈಕ್ರೋಫ್ಯಾರಡ್ ಸಾಕು. 470ರದನ್ನು ಹಾಕಿದರೆ ಮನಸ್ಸಿಗೆ ನೆಮ್ಮದಿ. ಒಳಗಿನ ಇಇಪ್ರಾಮಿಗೆ ಬೈಟಿಗೆ ಮೂರೂವರೆ ಮಿಲಿಸೆಕೆಂಡಿನಂತೆ 8 ಬೈಟ್ ಬರೆಯಲು ಬೇಕಾದುದು 28 ಮಿಲಿಸೆಕೆಂಡ್. ಅನಂತರವೂ ಒಂದು ಎಚ್ಚರ ಬೇಕು. ವೋಲ್ಟೇಜು ಪೂರ್ತಿ ಹೋಗದೆ ಸೊರಗುತ್ತ ಸೊರಗುತ್ತ ಇಳಿಯುವಾಗ ಮೈಕ್ರೋಕಂಟ್ರೋಲರಿಗೆ ಚಿತ್ತಭ್ರಮೆಯಾದಂತಾಗಿ ಹಳೆಯ ಲೆಕ್ಕವನ್ನೇ ಕೆಡಿಸಬಹುದು. ಗೊತ್ತಾದ ವೋಲ್ಟೇಜಿಗಿಂತ ಕೆಳಗಿಳಿದರೆ ಅದನ್ನು ತಡೆದು ನಿಲ್ಲಿಸುವ ಕಾವಲು ಚಿಪ್ಪಿನೊಳಗೇ ಇದೆ. ಬ್ಯಾಟರಿ ಉಳಿತಾಯದ ಆಸೆಗೆ ಅದನ್ನು ಆರಿಸುವವರಿದ್ದಾರೆ. ಬೆಟ್ಟದ ಯಂತ್ರದಲ್ಲಿ ಅದು ದುಂದಿಗಿಂತ ಕೆಟ್ಟ ಉಳಿತಾಯ.

ಇಷ್ಟೆಲ್ಲ ತೂಗಿದ ಮೇಲೆ ಪೋಡಿನ ಅಂಗಳದ ಮಾಪಕಕ್ಕೆ ಯಾವುದು ತಕ್ಕುದು? ಹಣ ಹೊಂದಿಸಬಹುದಾದರೆ 32 ಕಿಲೋಬೈಟಿನ ಎಫ್-ರ‍್ಯಾಮ್ ಒಂದೇ ಸಾಕು. ಎಣಿಕೆಯೂ ದಾಖಲೆಯೂ ಅದರಲ್ಲಿಯೇ ಇರಲಿ. ಹೊಂದಿಸಲಾಗದಿದ್ದರೆ ವಾಲಿನ ಎಣಿಕೆ ಚಿಪ್ಪಿನೊಳಗಿನ ಇಇಪ್ರಾಮಿನಲ್ಲಿ ಎರಡು ಜಾಗ ಬದಲಿಸುತ್ತ, 15 ನಿಮಿಷದ ದಾಖಲೆ ಹೊರಗಿನ 24ಸಿ256ರಲ್ಲಿ. ನಾಣ್ಯದ ಸೆಲ್ಲು ಗಡಿಯಾರಕ್ಕೆ ಮಾತ್ರ. ಗಡಿಯಾರವಿಲ್ಲದೆ ಮಳೆ ಎಂದು ಬಂತೆಂಬುದೇ ತಿಳಿಯದಾದ್ದರಿಂದ ಅದನ್ನು ಬಿಡುವಂತಿಲ್ಲ. ಎರಡನೆಯ ಏರ್ಪಾಡು ಮೊದಲನೆಯದಕ್ಕಿಂತ ಹೆಚ್ಚು ಬುದ್ಧಿ ಬೇಡುತ್ತದೆ, ಕಡಿಮೆ ಹಣ ಬೇಡುತ್ತದೆ. ಶಾಲೆಗೆ ಅದೇ ಒಳ್ಳೆಯದೆಂದರೂ ತಪ್ಪಾಗದು.

ಮಾಪಕ ನಿಲ್ಲಿಸುವ ಮುನ್ನ ಒಂದು ಪರೀಕ್ಷೆ ಕಡ್ಡಾಯ. ಅಳೆದ ಒಂದೂವರೆ ಲೀಟರು ನೀರನ್ನು ತೊಟ್ಟುತೊಟ್ಟಾಗಿ ಆಲಿಕೆಗೆ ಬಿಡಬೇಕು. ಸುಮಾರು 95 ವಾಲುಗಳಾಗುತ್ತವೆ. ಒಬ್ಬರು ಬಟ್ಟಲಿನ ಪಕ್ಕ ಕುಳಿತು ವಾಲುಗಳನ್ನು ಎಣಿಸಿ ಬರೆದುಕೊಳ್ಳಲಿ. ಇನ್ನೊಬ್ಬರು ಯಂತ್ರಕ್ಕೆ ಬೆನ್ನು ಹಾಕಿ ಕುಳಿತು, ಮನಸ್ಸಿಗೆ ಬಂದಾಗಲೆಲ್ಲ ವಿದ್ಯುತ್ತಿನ ತಂತಿ ಕಿತ್ತು ತಕ್ಷಣ ಮತ್ತೆ ಸಿಕ್ಕಿಸಲಿ, ಕಡಿಮೆಯೆಂದರೆ ಐವತ್ತು ಸಲ. ಯಂತ್ರ ಆರಿದ್ದಾಗ ಬಿದ್ದ ವಾಲು ತಪ್ಪುವುದು ಸಹಜ. ಆದರೆ ಬರೆದದ್ದು ಅಳಿಯಬಾರದು, ಎಣಿಕೆ ಹಿಂದಕ್ಕೆ ಹೋಗಬಾರದು, ಒಮ್ಮೆಗೇ ಮುಂದಕ್ಕೆ ನೆಗೆಯಲೂಬಾರದು. ನೆಗೆದರೆ ಪ್ರೋಗ್ರಾಮನ್ನು ಮತ್ತೆ ಬಿಚ್ಚಿ ನೋಡಬೇಕು. ಈ ಪರೀಕ್ಷೆಯನ್ನು ಹೊಸ ಬ್ಯಾಟರಿಯಲ್ಲಿ ಒಮ್ಮೆ, ಸೊರಗಿದ ಬ್ಯಾಟರಿಯಲ್ಲಿ ಒಮ್ಮೆ ಮಾಡತಕ್ಕದ್ದು.

ಯಂತ್ರದ ಪಕ್ಕದಲ್ಲಿ ಒಂದು ಸಾಮಾನ್ಯ ಮಳೆಮಾಪಕವೂ ಇರಲಿ, ಆಲಿಕೆ ಮತ್ತು ಅಳತೆಯ ಗಾಜು ಇರುವಂತಹುದು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕು, ಮಳೆ ಬಾರದ ದಿನ ಸೊನ್ನೆಯೆಂದು ಬರೆಯಬೇಕು, ಯಾರೂ ಹೋಗಲಾಗದ ದಿನ ನೋಡಿಲ್ಲವೆಂದು ಬರೆಯಬೇಕು. ಪೆನ್ನಿನ ಶಾಯಿ ನೀರಿಗೆ ಹರಡಿಹೋಗುವುದರಿಂದ ಸೀಸದಕಡ್ಡಿಯಲ್ಲಿಯೇ ಬರೆಯುವುದು ಮೇಲು. ವಾರಕ್ಕೊಮ್ಮೆ ಪುಸ್ತಕದ ಅಂಕಿಗೂ ಯಂತ್ರದ ಅಂಕಿಗೂ ತಾಳೆ ನೋಡಿ, ಅಂತರವನ್ನು ಮೂರನೆಯ ಅಂಕಣದಲ್ಲಿ ತಿದ್ದದೆ ಹಾಗೆಯೇ ದಾಖಲಿಸುತ್ತ ಹೋಗಬೇಕು.